ತಕ್ಕಡಿಯ ಮುಳ್ಳು ನಿಂತ ಮೇಲೆ

ಇವತ್ತಿನ ವಿಷಯ ಏನು ಅಂತ ತಿಳಿದ ಕೂಡಲೇ ಕೆಲವು ಮನೆಗಳಲ್ಲಿ ರೇಡಿಯೊ ಸದ್ದು ಸಣ್ಣಗಾಗುತ್ತದೆ ಅಂತ ನನಗೆ ಗೊತ್ತು. ದಯವಿಟ್ಟು ಸಣ್ಣ ಮಾಡಬೇಡಿ. ಪಡಸಾಲೆಯಲ್ಲಿ ಮಾವನವರು ಕೂತಿದ್ದರೆ ಅವರೂ ಕೇಳಲಿ. ಸೊಸೆಯನ್ನು ದೊಡ್ಡ ದವಾಖಾನೆಗೆ ಕಳಿಸಬೇಕೋ ಬೇಡವೋ ಅಂತ ಕಡೆಗೆ ಹೇಳುವವರು ಎಷ್ಟೋ ಮನೆಗಳಲ್ಲಿ ಅವರೇ. ಮಾತು ಇಷ್ಟು: ಅತಿಯಾಗಿ ಬೆಳೆದು ಭಾರವಾದ ಸ್ತನಗಳನ್ನು ಆಪರೇಶನ್ ಮಾಡಿ ಚಿಕ್ಕದು ಮಾಡುವ ಪದ್ಧತಿ ಇದೆ. ಆ ಹೆಣ್ಣುಮಗಳು ಅದೇ ಹೊತ್ತಿಗೆ ಮೈಯ ತೂಕವನ್ನೂ ಹತ್ತು, ಇಪ್ಪತ್ತು, ಮೂವತ್ತು ಕಿಲೊ ಇಳಿಸಿಕೊಳ್ಳುತ್ತಿದ್ದರೆ ಆಪರೇಶನ್ ಯಾವಾಗ ಮಾಡಿಸಬೇಕು? ತೂಕ ಇಳಿಯುವ ಮೊದಲೋ, ನಡುವೆಯೋ, ಪೂರ್ತಿ ಇಳಿದ ಮೇಲೋ?

ಕುಷ್ಟಗಿಯಂಥ ಊರಿನಲ್ಲಿ ಕೂತು ಇದನ್ನು ಯಾಕೆ ಹೇಳುತ್ತೀರಿ, ಇದು ಬೆಂಗಳೂರಿನವರ ಚಿಂತೆಯಲ್ಲವೇ ಅಂತ ಕೇಳಬಹುದು. ಅಲ್ಲ. 2019ರಿಂದ 21ರ ನಡುವೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆಂಗಸರಲ್ಲಿ ನೂರಕ್ಕೆ 30 ಮಂದಿಯ ತೂಕ ಇರಬೇಕಾದ್ದಕ್ಕಿಂತ ಹೆಚ್ಚು. ಅದೇ ಸಮೀಕ್ಷೆ ಇನ್ನೊಂದು ಮಾತನ್ನೂ ಹೇಳಿತು: ನೂರರಲ್ಲಿ ಸುಮಾರು 48 ಹೆಂಗಸರಿಗೆ ರಕ್ತ ಕಡಿಮೆ. ಮೈಯಲ್ಲಿ ಕೊಬ್ಬು ಹೆಚ್ಚು, ರಕ್ತದಲ್ಲಿ ಕಬ್ಬಿಣ ಕಡಿಮೆ, ಎರಡೂ ಒಬ್ಬಳಲ್ಲೇ ಇರುವುದು ನಮ್ಮಲ್ಲಿ ಅಪರೂಪವೇನಲ್ಲ. ಆಪರೇಶನ್ನಿನ ಹೊತ್ತು ಗೊತ್ತುಮಾಡುವಾಗ ಈ ಎರಡನೆಯ ಲೆಕ್ಕವನ್ನು ಜನ ಮರೆಯುತ್ತಾರೆ. ಅದಕ್ಕೆ ಆಮೇಲೆ ಬರುತ್ತೇನೆ.

ನಮ್ಮ ಕಡೆಯ ಹೆಣ್ಣುಮಕ್ಕಳು ದವಾಖಾನೆಗೆ ಬಂದು ಎದೆಯ ಮಾತನ್ನು ನೇರವಾಗಿ ಎತ್ತುವುದಿಲ್ಲ. "ಬೆನ್ನು ಹಿಡಕೊಂಡೈತ್ರೀ ಬಾಯಾರ" ಅನ್ನುತ್ತಾರೆ. "ಹೆಗಲು ಹರಿಯಾಕತ್ತಾವು" ಅನ್ನುತ್ತಾರೆ. ಸೆರಗು ಸರಿಸಿ ನೋಡಿದರೆ ಎರಡೂ ಹೆಗಲ ಮೇಲೆ ಬ್ರಾ ಪಟ್ಟಿ ಒತ್ತಿ ಒತ್ತಿ ಗುಳಿ ಬಿದ್ದಿರುತ್ತದೆ. ಎದೆಯ ಕೆಳಗಿನ ಮಡಿಕೆಯಲ್ಲಿ ಬೆವರು ನಿಂತು, ಚರ್ಮ ಕೆಂಪಾಗಿ ಸುಲಿದು, ಫಂಗಸ್ ಸೋಂಕು ಹಿಡಿದಿರುತ್ತದೆ. ಬಿಸಿಲು ನಲವತ್ತು ಡಿಗ್ರಿ ಮುಟ್ಟುವ ಏಪ್ರಿಲ್, ಮೇ ತಿಂಗಳಲ್ಲಿ ಆ ಉರಿ ಹೇಳತೀರದು. ಕೆಲವರಿಗೆ ಕೈಬೆರಳು ಜೋಮು ಹಿಡಿಯುತ್ತವೆ. ಕುತ್ತಿಗೆ ಮುಂದೆ ಬಾಗಿ ಬೆನ್ನು ಗೂನಾಗುತ್ತದೆ. ಇದನ್ನೆಲ್ಲ ಚಂದದ ಚಿಂತೆ ಅಂತ ತಳ್ಳಿಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಇಲ್ಲಿ ಒಂದು ಎಚ್ಚರಿಕೆ, ಇದು ನಮ್ಮ ಭಾಗಕ್ಕೇ ಸೇರಿದ್ದು. ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ಎಷ್ಟೋ ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರು ಸಿಗದಿದ್ದರೆ 1.5 ಮಿಲಿಗ್ರಾಂ ತನಕ ಸೈ ಅನ್ನುತ್ತದೆ ನಮ್ಮ ದೇಶದ ಮಾನದಂಡ. ಅದಕ್ಕಿಂತ ಹೆಚ್ಚಿರುವ ನೀರನ್ನು ವರ್ಷಗಟ್ಟಲೆ ಕುಡಿದವರಿಗೆ ಎಲುಬು ಬಿಗಿದು ಬೆನ್ನು, ಕುತ್ತಿಗೆ, ಮೊಣಕಾಲು ನೋಯುತ್ತವೆ. ಅಂಥವರ ಸ್ತನ ಕುಗ್ಗಿಸಿದರೆ ಬೆನ್ನುನೋವು ಇದ್ದ ಹಾಗೇ ಇರುತ್ತದೆ. ಆದ್ದರಿಂದ ಮೊದಲು ಎಕ್ಸ್‌ರೇ ತೆಗೆಸಿ, ಮನೆಗೆ ಬರುವ ನೀರು ಯಾವುದು ಅಂತ ಡಾಕ್ಟರಿಗೆ ಹೇಳಿ. ದೊಡ್ಡ ಊರಿನ ಸರ್ಜನ್‌ಗೆ ನಿಮ್ಮೂರ ಬೋರಿನ ಕಥೆ ಗೊತ್ತಿರುವುದಿಲ್ಲ.

ಈಗ ಹೊತ್ತಿನ ಮಾತು. ಸ್ತನದಲ್ಲಿ ಹಾಲಿನ ಗ್ರಂಥಿಯೂ ಇದೆ, ಕೊಬ್ಬೂ ಇದೆ. ಯಾವುದು ಎಷ್ಟು ಅನ್ನುವುದು ಒಬ್ಬೊಬ್ಬರಲ್ಲಿ ಒಂದೊಂದು ಥರ. ಹದಿನಾರು ಹದಿನೇಳರ ಹುಡುಗಿಗೆ ಎದೆ ಮಿತಿಮೀರಿ ಬೆಳೆದಿದ್ದರೆ ಸಾಮಾನ್ಯವಾಗಿ ಅದರಲ್ಲಿ ಗ್ರಂಥಿಯ ಪಾಲೇ ದೊಡ್ಡದು; ಅವಳು ಎಷ್ಟು ಉಪವಾಸ ಮಾಡಿದರೂ ಅದು ಇಳಿಯುವುದು ಅಷ್ಟಕ್ಕಷ್ಟೆ. ಮುಟ್ಟು ನಿಂತ ಹೆಂಗಸಿನಲ್ಲಿ ಗ್ರಂಥಿ ಸೊರಗಿ ಕೊಬ್ಬಿನ ಪಾಲು ಹೆಚ್ಚಿರುತ್ತದೆ. ಮೈ ಇಳಿದರೆ ಎದೆಯೂ ಇಳಿಯುತ್ತದೆ. ಹಾಗಾಗಿ ಒಬ್ಬಳಿಗೆ ಹತ್ತು ಕಿಲೊ ಇಳಿದಾಗ ಬ್ರಾ ಅಳತೆಯೇ ಬದಲಾಗುತ್ತದೆ, ಇನ್ನೊಬ್ಬಳಿಗೆ ಮುಖ, ಹೊಟ್ಟೆ, ತೋಳು ಎಲ್ಲ ಸಣ್ಣಗಾದರೂ ಎದೆ ಮಾತ್ರ ಅಲ್ಲೇ ಕೂತಿರುತ್ತದೆ. ನೀವು ಯಾವ ಗುಂಪಿಗೆ ಸೇರಿದವರು ಅಂತ ತಿಳಿಯಲು ದೊಡ್ಡ ಯಂತ್ರ ಬೇಕಿಲ್ಲ. ದರ್ಜಿಯ ಟೇಪು ಸಾಕು. ತಿಂಗಳಿಗೊಮ್ಮೆ ಎದೆಯ ಕೆಳಗಿನ ಸುತ್ತಳತೆ, ಎದೆಯ ಮೇಲಿನ ಸುತ್ತಳತೆ, ಎರಡನ್ನೂ ತೂಕದ ಪಕ್ಕದಲ್ಲಿ ಬರೆದಿಡಿ. ಮೂರ್ನಾಲ್ಕು ತಿಂಗಳ ಆ ಚೀಟಿ ನಿಮ್ಮ ಸರ್ಜನ್‌ಗೆ ಬಹಳ ಉಪಯೋಗಕ್ಕೆ ಬರುತ್ತದೆ.

ತೂಕ ಇಳಿಯುತ್ತಿರುವ ನಡುವೆಯೇ ಆಪರೇಶನ್ ಮಾಡಿಸಿದರೆ ಏನಾಗುತ್ತದೆ? 95 ಕಿಲೊ ಇದ್ದ ಒಬ್ಬ ತಾಯಿ 70ಕ್ಕೆ ಬರಬೇಕು ಅಂತ ಹೊರಟಿದ್ದಾಳೆ ಅಂದುಕೊಳ್ಳಿ. 85ಕ್ಕೆ ಬಂದಾಗ ತಾಳ್ಮೆ ಕಳೆದುಕೊಂಡು ಆಪರೇಶನ್ ಮಾಡಿಸುತ್ತಾಳೆ. ಸರ್ಜನ್ ಆವತ್ತಿನ ಮೈಗೆ ಹೊಂದುವಷ್ಟು ಉಳಿಸಿ, ಚರ್ಮ ಬಿಗಿದು ಹೊಲಿಯುತ್ತಾರೆ. ಆಮೇಲೆ ಇನ್ನೂ ಹದಿನೈದು ಕಿಲೊ ಇಳಿಯುತ್ತದೆ. ಉಳಿಸಿದ್ದರಲ್ಲಿದ್ದ ಕೊಬ್ಬೂ ಕರಗುತ್ತದೆ. ಆದರೆ ಚರ್ಮ ಅದರ ಜೊತೆಗೆ ಪೂರ್ತಿ ಕುಗ್ಗುವುದಿಲ್ಲ. ವರ್ಷಾನುಗಟ್ಟಲೆ ಹಿಗ್ಗಿದ್ದ ಚರ್ಮದ ಎಳೆತ ಸವೆದಿರುತ್ತದೆ. ಫಲ ಏನೆಂದರೆ, ಬೇಕಾದ್ದಕ್ಕಿಂತ ಚಿಕ್ಕದಾದ, ಜೋತುಬಿದ್ದ ಎದೆ, ಮೇಲೆ ಹೊಲಿಗೆಯ ಗುರುತು. ಅದನ್ನು ಸರಿಪಡಿಸಬೇಕೆಂದರೆ ಮತ್ತೊಮ್ಮೆ ಅರಿವಳಿಕೆ, ಮತ್ತೊಮ್ಮೆ ಕೊಯ್ತ, ಮತ್ತೊಮ್ಮೆ ಖರ್ಚು.

ಮೂವತ್ತು, ನಲವತ್ತು ಕಿಲೊ ಇಳಿಸಿದವರಲ್ಲಿ ಇನ್ನೂ ಒಂದು ಸಂಗತಿ ನಡೆಯುತ್ತದೆ. ಬೇಕಾಗುವ ಆಪರೇಶನ್ನೇ ಬದಲಾಗಿಬಿಡುತ್ತದೆ. ಮೊದಲು ಭಾರ ತೆಗೆಯಬೇಕಿತ್ತು. ಈಗ ತೆಗೆಯುವುದಕ್ಕೆ ಹೆಚ್ಚೇನೂ ಉಳಿದಿಲ್ಲ, ಇಳಿಬಿದ್ದದ್ದನ್ನು ಮೇಲೆತ್ತಿ ನಿಲ್ಲಿಸಬೇಕು. ಅದು ಬೇರೆಯೇ ಕೆಲಸ, ಕೊಯ್ಯುವ ಲೆಕ್ಕವೂ ಬೇರೆ.

ಈ ಕೊಯ್ಯುವ ಲೆಕ್ಕಕ್ಕೆ ಒಂದು ಚಂದದ ಹಿನ್ನೆಲೆ ಇದೆ. 1956ರಲ್ಲಿ ಅಮೆರಿಕದ ರಾಬರ್ಟ್ ವೈಸ್ ಎಂಬ ಸರ್ಜನ್, ಬ್ರಾ ಹೊಲಿಯುವ ಅಚ್ಚುಗಳನ್ನು ನೋಡಿ, ಚರ್ಮದ ಮೇಲೆ ಎಲ್ಲಿ ಗೀಟು ಎಳೆಯಬೇಕು, ಎಷ್ಟು ತೆಗೆಯಬೇಕು ಅನ್ನುವ ಮಾದರಿಯೊಂದನ್ನು ಪ್ರಕಟಿಸಿದರು. ಎಪ್ಪತ್ತು ವರ್ಷ ಕಳೆಯುತ್ತ ಬಂದರೂ ಅದು ವೈಸ್ ಮಾದರಿ ಅನ್ನುವ ಹೆಸರಿನಲ್ಲೇ ಬಳಕೆಯಲ್ಲಿದೆ. ಗುಳೇದಗುಡ್ಡದ ಖಣದಲ್ಲಿ ಕುಪ್ಪಸ ಹೊಲಿಯುವ ನಮ್ಮ ದರ್ಜಿಗೆ ಇದು ತಟ್ಟನೆ ಅರ್ಥವಾಗುತ್ತದೆ: ಚಪ್ಪಟೆ ಬಟ್ಟೆಯ ಒಂದು ತುಂಡು ಕತ್ತರಿಸಿ, ಅಂಚು ಕೂಡಿಸಿದರೆ ಉಬ್ಬು ಬರುತ್ತದೆ. ಅಳತೆ ದಿನಕ್ಕೊಂದು ಹೇಳುವ ಗಿರಾಕಿಗೆ ಆತ ಕತ್ತರಿ ಹಾಕುವುದಿಲ್ಲ. ತೂಕ ಇಳಿಯುತ್ತಿರುವಾಗ ಸರ್ಜನ್ ಬೇಡ ಅನ್ನುವುದೂ ಅದೇ ಕಾರಣಕ್ಕೆ. ಅದರಲ್ಲೂ ಖಣ ಕೆಟ್ಟರೆ ಇನ್ನೊಂದು ತರಬಹುದು.

ಹಾಗಾದರೆ ಎಷ್ಟು ದಿನ ಕಾಯಬೇಕು? ಊಟ, ನಡಿಗೆಯಿಂದ ತೂಕ ಇಳಿಸಿದವರು ತೂಕ ಒಂದು ಕಡೆ ನಿಂತ ಮೇಲೆ ಮೂರರಿಂದ ಆರು ತಿಂಗಳು ಕಾಯಲಿ ಅನ್ನುವುದು ಬಹುಪಾಲು ಪ್ಲಾಸ್ಟಿಕ್ ಸರ್ಜನ್‌ಗಳ ರೂಢಿ. ಹೊಟ್ಟೆಯ ಚೀಲ ಚಿಕ್ಕದು ಮಾಡುವ ಬೇರಿಯಾಟ್ರಿಕ್ ಆಪರೇಶನ್ ಆದವರಲ್ಲಿ ತೂಕ ಇಳಿಯುವುದು ಒಂದರಿಂದ ಒಂದೂವರೆ ವರ್ಷ ನಡೆಯುತ್ತದೆ, ಆಮೇಲೆ ನಿಲ್ಲುತ್ತದೆ. ಅವರು ಅಲ್ಲಿಯ ತನಕ ಕಾದು, ಅದರ ಮೇಲೂ ಕೆಲವು ತಿಂಗಳು ನೋಡಬೇಕು. ನಿಂತಿದೆ ಅಂದರೆ ಕಲ್ಲಿನ ಹಾಗೆ ನಿಲ್ಲಬೇಕು ಅಂತಲ್ಲ. ಶ್ರಾವಣ ಸೋಮವಾರಗಳ ಉಪವಾಸಕ್ಕೆ ಒಂದು ಕಿಲೊ ಇಳಿಯುತ್ತದೆ, ಕೊಪ್ಪಳದ ಗವಿಮಠದ ಜಾತ್ರೆಯ ಮಾದಲಿ ಉಂಡು ಬಂದರೆ ಒಂದು ಕಿಲೊ ಏರುತ್ತದೆ. ಅದನ್ನು ಬಿಡಿ. ತಿಂಗಳಿಗೆ ಎರಡು ಕಿಲೊ, ಮೂರು ಕಿಲೊ ಇನ್ನೂ ಇಳಿಯುತ್ತಲೇ ಇದ್ದರೆ ಮಾತ್ರ ನಿಂತಿಲ್ಲ ಅಂತ ಲೆಕ್ಕ. ತೂಗುವುದು ಒಂದೇ ಕಡೆ ತೂಗಿ, ಬೆಳಗ್ಗೆ ತೂಗಿ. ಆಶಾ ಕಾರ್ಯಕರ್ತೆಯ ಹತ್ತಿರವೋ ಆರೋಗ್ಯ ಕೇಂದ್ರದಲ್ಲೋ ತೂಗಿ. ಕಾಳು ತೂಗುವ ಕಾಟಾದ ಮೇಲೆ ನಿಂತು ಬಂದವರನ್ನೂ ನೋಡಿದ್ದೇನೆ. ಆ ಅಂಕಿಯನ್ನು ನಂಬಿ ಕತ್ತಿ ಹಿಡಿಯಲು ಯಾವ ಡಾಕ್ಟರಿಗೂ ಧೈರ್ಯ ಬರುವುದಿಲ್ಲ.

ಇತ್ತೀಚೆಗೆ ತೂಕ ಇಳಿಸುವ ಇಂಜೆಕ್ಷನ್ನುಗಳು ಬಂದಿವೆ. 2025ರ ಮಾರ್ಚ್‌ನಲ್ಲಿ ಮೌಂಜಾರೊ, ಅದೇ ವರ್ಷ ಜೂನ್‌ನಲ್ಲಿ ವೆಗೊವಿ ನಮ್ಮ ದೇಶದ ಮಾರುಕಟ್ಟೆಗೆ ಕಾಲಿಟ್ಟವು. ವಾರಕ್ಕೊಂದು ಚುಚ್ಚಿಕೊಂಡರೆ ಹಸಿವು ಕುಗ್ಗುತ್ತದೆ, ತೂಕ ಚೆನ್ನಾಗಿಯೇ ಇಳಿಯುತ್ತದೆ. ಆಪರೇಶನ್ ಹೊತ್ತಿಗೆ ಸಂಬಂಧಪಟ್ಟಂತೆ ಇವುಗಳಲ್ಲಿ ಎರಡು ತೊಡಕುಗಳಿವೆ. ಔಷಧ ನಿಲ್ಲಿಸಿದರೆ ತೂಕ ಮರಳಿ ಬರುತ್ತದೆ. ವೆಗೊವಿಯಲ್ಲಿರುವ ಸೆಮಾಗ್ಲುಟೈಡ್ ಬಗ್ಗೆ ನಡೆದ ದೊಡ್ಡ ಅಧ್ಯಯನದಲ್ಲಿ, ಬಿಟ್ಟ ಒಂದು ವರ್ಷದೊಳಗೆ ಇಳಿದ ತೂಕದ ಮೂರರಲ್ಲಿ ಎರಡು ಪಾಲು ವಾಪಸು ಬಂದಿತ್ತು. ಹಾಗಿದ್ದ ಮೇಲೆ ಇಂಜೆಕ್ಷನ್ ನಡೆಯುತ್ತಿರುವಾಗ ನಿಂತ ತೂಕವನ್ನು ನಿಂತದ್ದು ಅನ್ನಬೇಕೋ, ಹಿಡಿದಿಟ್ಟದ್ದು ಅನ್ನಬೇಕೋ? ಮುಂದೆಯೂ ಔಷಧ ತೆಗೆದುಕೊಳ್ಳುವ ಶಕ್ತಿ, ಮನಸ್ಸು ಇದೆಯೇ ಅಂತ ತೀರ್ಮಾನಿಸಿಕೊಂಡೇ ತಾರೀಖು ಕೇಳಬೇಕು ಅನ್ನುವುದು ನನ್ನ ಅಭಿಪ್ರಾಯ. ಇನ್ನೊಂದು ತೊಡಕು, ಈ ಔಷಧಗಳಿಂದ ಹೊಟ್ಟೆ ಖಾಲಿಯಾಗುವುದು ತಡವಾಗುತ್ತದೆ. ರಾತ್ರಿ ಉಂಡದ್ದು ಬೆಳಗ್ಗೆಯೂ ಹೊಟ್ಟೆಯಲ್ಲಿರಬಹುದು. ಅರಿವಳಿಕೆ ಕೊಟ್ಟಾಗ ಅದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೆ ಅಪಾಯ. ಅರಿವಳಿಕೆ ಡಾಕ್ಟರಿಗೆ ಇಂಜೆಕ್ಷನ್ನಿನ ಹೆಸರು, ಕಡೆಯ ಸಲ ಚುಚ್ಚಿಕೊಂಡ ದಿನ, ಎರಡನ್ನೂ ಕೇಳದಿದ್ದರೂ ಹೇಳಿ. ನಿಲ್ಲಿಸಬೇಕೋ ಬೇಡವೋ ಅವರು ಹೇಳುತ್ತಾರೆ.

ಇಷ್ಟರ ತನಕ ನಾನು ಕಾಯುವ ಮಾತನ್ನೇ ಆಡಿದೆ. ಈಗ ಅದರ ಎದುರು ಮಾತು. "ತೂಕ ಇಳಿಸ್ಕೊಂಡ ಬಾ, ಆಮ್ಯಾಲೆ ನೋಡೋಣು" ಅನ್ನುವ ಒಂದು ವಾಕ್ಯ ಇದೆ. ಡಾಕ್ಟರಿಗೆ ಹೇಳಲು ಸುಲಭ, ಕೇಳಿದವಳಿಗೆ ಬಾಗಿಲು ಹಾಕಿದ ಹಾಗೆ. ಎದೆಯ ಭಾರಕ್ಕೆ ಬೆನ್ನು ನೋಯುತ್ತದೆ, ಜೋರಾಗಿ ನಡೆಯಲಾಗುವುದಿಲ್ಲ, ಮಡಿಕೆಯ ಹುಣ್ಣು ಬೆವರಿಗೆ ಉರಿಯುತ್ತದೆ. ನಡೆಯದೆ ತೂಕ ಇಳಿಯುವುದು ಹೇಗೆ? ಕಾದು ಕಾದು ವರ್ಷ ಕಳೆಯುತ್ತದೆ. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯ ಮಾರ್ಗಸೂಚಿಯಲ್ಲಿ ಈ ಆಪರೇಶನ್‌ಗೆ ದೇಹತೂಕದ ಸೂಚ್ಯಂಕ 27ಕ್ಕಿಂತ ಕೆಳಗಿರಬೇಕು, ಅದು ಹನ್ನೆರಡು ತಿಂಗಳು ಅಲ್ಲಾಡದೆ ನಿಂತಿರಬೇಕು ಅನ್ನುವ ಷರತ್ತುಗಳಿವೆ. ಐದು ಅಡಿ ಎತ್ತರದವಳು ಅಂದರೆ ಸುಮಾರು 62 ಕಿಲೊ ಒಳಗೆ ಇರಬೇಕು ಅಂತಾಯಿತು. ಅಲ್ಲಿ ನೆಲೆಸಿದ ನಮ್ಮ ಕನ್ನಡದ ಹೆಣ್ಣುಮಕ್ಕಳೂ ಸರ್ಕಾರಿ ಖರ್ಚಿನಲ್ಲಿ ಮಾಡಿಸಬೇಕೆಂದರೆ ಈ ಗೆರೆ ದಾಟಲೇಬೇಕು. ಇಂಥ ಗೆರೆಯಲ್ಲಿ ವೈದ್ಯಶಾಸ್ತ್ರ ಎಷ್ಟಿದೆಯೋ ಖಜಾನೆಯ ಲೆಕ್ಕವೂ ಅಷ್ಟೇ ಇದೆ ಅಂತ ನನಗೆ ಅನ್ನಿಸುತ್ತದೆ. ತೂಕ ಹೆಚ್ಚಿದ್ದಷ್ಟೂ ಗಾಯ ಮಾಯುವುದು ತಡ, ಸೋಂಕಿನ ಭಯ ಹೆಚ್ಚು, ಇದು ನಿಜ. ಆದರೆ ಬಹಳಷ್ಟು ಸಲ ಆ ತೊಂದರೆಗಳು ಡ್ರೆಸಿಂಗ್ ಮಾಡುತ್ತ ಹೋದರೆ ವಾಸಿಯಾಗುವಂಥವು. ತೂಕ ಹೆಚ್ಚಿದ್ದಾಗಲೇ ಆಪರೇಶನ್ ಆದವರಿಗೂ ಬೆನ್ನು, ಹೆಗಲ ನೋವು ಕಡಿಮೆಯಾಗುವುದುಂಟು.

ಆದ್ದರಿಂದ ನಾನು ಹೇಳುವುದು ಒಂದೇ. ಸಣ್ಣಗಾಗುವ ತನಕ ಕಾಯಬೇಕಿಲ್ಲ, ತೂಕ ನಿಲ್ಲುವ ತನಕ ಕಾಯಬೇಕು. ಎರಡೂ ಒಂದೇ ಅಲ್ಲ. 80 ಕಿಲೊದಲ್ಲಿ ಎರಡು ವರ್ಷದಿಂದ ನಿಂತಿರುವವಳು, ಮುಂದೆ ಇಳಿಯುವ ಲಕ್ಷಣ ಕಾಣದವಳು, ಹುಣ್ಣು ನೋವಿನಲ್ಲಿ ಬೇಯುತ್ತಿರುವವಳು, ಸಕ್ಕರೆ, ರಕ್ತ ಎಲ್ಲ ಸರಿಯಿದ್ದರೆ ಇವತ್ತೇ ಸರ್ಜನ್ ಹತ್ತಿರ ಮಾತಾಡಲಿ. 70 ಕಿಲೊಗೆ ಬಂದರೂ ತಿಂಗಳಿಗೆ ಮೂರು ಕಿಲೊ ಇಳಿಯುತ್ತಲೇ ಇರುವವಳು ಕಾಯಲಿ. ಇಳಿಸುವ ಉದ್ದೇಶ ಇನ್ನು ನಾಲ್ಕೈದು ಕಿಲೊ ಮಾತ್ರ ಉಳಿದಿದ್ದರೆ ಅಷ್ಟಕ್ಕೆ ಎದೆಯ ಆಕಾರ ತೀರ ಬದಲಾಗುವುದಿಲ್ಲ, ಅದಕ್ಕಾಗಿ ವರ್ಷ ಕಳೆಯಬೇಡಿ. ಇನ್ನೊಂದು ಮಾತು, ಈ ಆಪರೇಶನ್ ತೂಕ ಇಳಿಸುವ ಉಪಾಯ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಎರಡೂ ಕಡೆ ಸೇರಿ ತೆಗೆಯುವುದು ಸಾಮಾನ್ಯವಾಗಿ ಒಂದೆರಡು ಕಿಲೊ.

ರಕ್ತದ ಮಾತಿಗೆ ಬರುತ್ತೇನೆ ಅಂದಿದ್ದೆ. ವೇಗವಾಗಿ ತೂಕ ಇಳಿಸಿದವರು ಊಟ ಕಡಿಮೆ ಮಾಡಿರುತ್ತಾರೆ. ಕೊಬ್ಬಿನ ಜೊತೆಗೆ ಮಾಂಸಖಂಡವೂ ಕರಗಿರುತ್ತದೆ, ಕಬ್ಬಿಣ, ಬಿ12, ಪ್ರೋಟೀನ್ ಎಲ್ಲ ತಳ ಕಂಡಿರುತ್ತವೆ. ಬೇರಿಯಾಟ್ರಿಕ್ ಆದವರಲ್ಲಂತೂ ತಿಂದದ್ದೂ ಮೈಗೆ ಪೂರ್ತಿ ಹತ್ತುವುದಿಲ್ಲ. ಅಂಥ ಮೈಯಲ್ಲಿ ಉದ್ದದ ಗಾಯ ಮಾಯುವುದಕ್ಕೆ ಸರಕೇ ಇರುವುದಿಲ್ಲ. ಮೊಲೆತೊಟ್ಟಿನ ಸುತ್ತ ಒಂದು ಹೊಲಿಗೆ, ಅಲ್ಲಿಂದ ಕೆಳಗೆ ಇಳಿದ ಒಂದು ಹೊಲಿಗೆ, ಮಡಿಕೆಯಲ್ಲಿ ಅಡ್ಡ ಒಂದು ಹೊಲಿಗೆ, ಈ ಕೆಳಗಿನ ಎರಡು ಕೂಡುವ ಮೂಲೆಯೇ ಮೊದಲು ಬಿಚ್ಚಿಕೊಳ್ಳುವ ಜಾಗ. ದಿನಕ್ಕೆ 60 ಗ್ರಾಂ ಪ್ರೋಟೀನ್ ಬೇಕು ಅಂದರೆ ಬರೀ ಜೋಳದ ರೊಟ್ಟಿ, ಚಟ್ನಿಯಿಂದ ಆಗುವುದಿಲ್ಲ. ಒಂದು ಮೊಟ್ಟೆಯಲ್ಲಿ 6 ಗ್ರಾಂ ಇರುತ್ತದೆ, ಲೆಕ್ಕ ಹಾಕಿ. ಹೆಸರುಕಾಳು, ಮಡಕಿಕಾಳು, ಕಡಲೆ, ಶೇಂಗಾ, ಮೊಸರು ಸೇರಿಸಿ. ಹಿಮೋಗ್ಲೋಬಿನ್ 9 ಇದ್ದವರು ತೂಕ ನಿಂತಿದ್ದರೂ ಎರಡು ಮೂರು ತಿಂಗಳು ಗುಳಿಗೆ ತಿಂದು ಅದನ್ನು ಏರಿಸಿಕೊಂಡೇ ಹೋಗಬೇಕು. ಸಕ್ಕರೆ ಕಾಯಿಲೆ ಇದ್ದರೆ ಆ ದಿನದ ಸಕ್ಕರೆ ಮಾತ್ರ ಸಾಲದು, ಮೂರು ತಿಂಗಳ ಸರಾಸರಿ ಹೇಳುವ ಪರೀಕ್ಷೆಯೂ ಸರಿಬರಬೇಕು.

ಎಲೆಅಡಿಕೆಯ ಜೊತೆ ತಂಬಾಕು ಹಾಕುವ ಅಭ್ಯಾಸ ಇದ್ದವರು ದಯವಿಟ್ಟು ಮುಚ್ಚಿಡಬೇಡಿ. ಬೀಡಿ ಸೇದಿದರೇನು, ಜಗಿದರೇನು, ನಿಕೋಟಿನ್ ಒಂದೇ. ಅದು ಸಣ್ಣ ರಕ್ತನಾಳಗಳನ್ನು ಬಿಗಿಯುತ್ತದೆ. ಈ ಆಪರೇಶನ್‌ನಲ್ಲಿ ಮೊಲೆತೊಟ್ಟನ್ನು ಒಂದು ಕಿರಿದಾದ ಮಾಂಸದ ಪಟ್ಟಿಯ ಮೇಲೆ, ಅದರಲ್ಲಿ ಹರಿಯುವ ರಕ್ತವನ್ನೇ ನಂಬಿ, ಮೇಲಕ್ಕೆ ಸರಿಸುತ್ತಾರೆ. ಆ ರಕ್ತ ನಿಂತರೆ ತೊಟ್ಟು ಕಪ್ಪಾಗಿ ಹೋಗಬಹುದು. ಆಪರೇಶನ್‌ಗೆ ಮೊದಲು ನಾಲ್ಕು ವಾರ, ಆಮೇಲೆ ನಾಲ್ಕು ವಾರ ತಂಬಾಕು ಪೂರ್ತಿ ಬೇಡ. ಅತ್ತೆಯ ಎದುರು ಹೇಳಲು ನಾಚಿಕೆಯಾದರೆ ಡಾಕ್ಟರ ಹತ್ತಿರ ಒಬ್ಬರೇ ಮಾತಾಡಬೇಕು ಅಂತ ಕೇಳಿ. ಆ ಹಕ್ಕು ನಿಮಗಿದೆ.

ನಲವತ್ತು ದಾಟಿದವರಿಗೆ ಮೊದಲು ಮ್ಯಾಮೋಗ್ರಾಂ ಮಾಡಿಸುತ್ತಾರೆ, ತೆಗೆದದ್ದನ್ನು ಪರೀಕ್ಷೆಗೂ ಕಳಿಸುತ್ತಾರೆ. ಎರಡನ್ನೂ ಬೇಡ ಅನ್ನಬೇಡಿ.

ತಾರೀಖನ್ನು ಹೊಲದ ಲೆಕ್ಕಕ್ಕೂ ಹೊಂದಿಸಿ. ಆಪರೇಶನ್ ಆದ ಮೇಲೆ ಸುಮಾರು ಆರು ವಾರ ಕೊಡ ಎತ್ತುವಂತಿಲ್ಲ, ಮೇವಿನ ಹೊರೆ ಹೊರುವಂತಿಲ್ಲ, ಕೈ ಮೇಲೆತ್ತಿ ಜೋರಾಗಿ ರೊಟ್ಟಿ ಬಡಿಯುವುದೂ ಮೊದಲ ಕೆಲವು ವಾರ ಬೇಡ. ಹಗಲು ರಾತ್ರಿ ಬಿಗಿಯಾದ ಬ್ರಾ ಹಾಕಿರಬೇಕು. ಶೇಂಗಾ ಕೀಳುವ ವಾರದಲ್ಲೋ, ಜೋಳದ ಸುಗ್ಗಿಯಲ್ಲೋ ತಾರೀಖು ತೆಗೆದುಕೊಂಡು, ಮನೆಯಲ್ಲಿ ಕೈಜೋಡಿಸುವವರಿಲ್ಲದೆ ಎಂಟನೇ ದಿನಕ್ಕೇ ಹೊಲಕ್ಕೆ ಹೋದರೆ ಸರ್ಜನ್ ಎಷ್ಟು ಚೆನ್ನಾಗಿ ಹೊಲಿದಿದ್ದರೂ ವ್ಯರ್ಥ. ಸುಡುಬೇಸಿಗೆಯನ್ನೂ ಬಿಡಿ, ಬೆವರಿಗೆ ಮಡಿಕೆಯ ಹೊಲಿಗೆ ಒದ್ದೆಯಾಗುತ್ತದೆ. ಮಳೆ ಹೋಗಿ ಚಳಿ ಬಿದ್ದ ಮೇಲೆ ಒಳ್ಳೆಯದು.

ಎಲ್ಲಿ ಮಾಡಿಸುವುದು? ಕೊಪ್ಪಳದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ 2015ರಲ್ಲಿ ಶುರುವಾದ ಮೇಲೆ ನಮ್ಮ ಜಿಲ್ಲೆಯವರಿಗೆ ಮೊದಲ ಸಲಹೆ, ರಕ್ತ ಪರೀಕ್ಷೆಗಳಿಗೆ ದೂರ ಹೋಗುವ ಕಷ್ಟ ತಪ್ಪಿದೆ. ಅಲ್ಲಿಂದ ಮುಂದೆ ಯಾರಿಗೆ ಕಳಿಸಿದರೂ ಒಂದು ಪ್ರಶ್ನೆ ಕೇಳಿ: ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಅದಕ್ಕೆ ಸಮನಾದ ಪದವಿ ಇದೆಯೇ? ಜೊತೆಗೆ, ಅಲ್ಲಿ ತೀವ್ರ ನಿಗಾ ಘಟಕ ಇದೆಯೇ ಅಂತಲೂ ಕೇಳಿ. 2022ರ ಮೇ ತಿಂಗಳಲ್ಲಿ ಕಿರುತೆರೆ ನಟಿ ಚೇತನಾ ರಾಜ್, 21 ವರ್ಷದ ಹುಡುಗಿ, ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಆಪರೇಶನ್‌ಗೆ ಹೋಗಿ ತೀರಿಕೊಂಡದ್ದು ನಿಮಗೆ ನೆನಪಿರಬಹುದು. ಅದು ಬೇರೆ ಆಪರೇಶನ್. ಆದರೆ ಕೇಳಬೇಕಾದ ಪ್ರಶ್ನೆಗಳು ಅವೇ.

ಖಾಸಗಿ ವಿಮೆ ಇದ್ದವರಿಗೆ ಒಂದು ಸೂಚನೆ. ಚಂದಕ್ಕಾಗಿ ಮಾಡಿಸುವ ಆಪರೇಶನ್‌ಗೆ ವಿಮೆ ಹಣ ಕೊಡುವುದಿಲ್ಲ. ಆರೋಗ್ಯಕ್ಕೆ ನೇರವಾದ, ತಕ್ಷಣದ ಅಪಾಯ ತಪ್ಪಿಸಲು ಬೇಕಾದ ಚಿಕಿತ್ಸೆ ಅಂತ ಡಾಕ್ಟರ್ ಬರೆದುಕೊಟ್ಟರೆ ವಿನಾಯಿತಿ ಇದೆ. ಕಾಯುವ ತಿಂಗಳುಗಳನ್ನು ಇದಕ್ಕೆ ಬಳಸಿಕೊಳ್ಳಿ. ಮಡಿಕೆಯ ಹುಣ್ಣಿಗೆ ಹಚ್ಚಿದ ಮುಲಾಮಿನ ಚೀಟಿ, ಬೆನ್ನಿಗೆ ಮಾಡಿಸಿದ ಫಿಸಿಯೋಥೆರಪಿಯ ಚೀಟಿ, ತೂಕದ ಚೀಟಿ, ಎಲ್ಲವನ್ನೂ ತಾರೀಖಿನ ಸಮೇತ ಒಂದು ಫೈಲಿನಲ್ಲಿ ಇಡಿ.

ಕಡೆಯದಾಗಿ, ಮಗು ಇನ್ನೂ ಬೇಕು ಅನ್ನುವವರ ಮಾತು. ಈ ಆಪರೇಶನ್ ಆದ ಮೇಲೆ ಎಷ್ಟೋ ತಾಯಂದಿರಿಗೆ ಹಾಲು ಬರುತ್ತದೆ, ಕೆಲವರಿಗೆ ಸಾಲುವುದಿಲ್ಲ, ಕೆಲವರಿಗೆ ಬರುವುದೇ ಇಲ್ಲ. ತೊಟ್ಟಿನ ಹಿಂದಿನ ಗ್ರಂಥಿ, ಹಾಲಿನ ನಾಳ ಉಳಿಸುವ ವಿಧಾನಗಳಿವೆ. ಮುಂದೆ ಮಗುವಿಗೆ ಹಾಲೂಡಿಸಬೇಕು ಅಂತ ಗೀಟು ಎಳೆಯುವ ಮೊದಲೇ ಸರ್ಜನ್‌ಗೆ ತಿಳಿಸಿ. ಮದುವೆಯಾಗದ ಹುಡುಗಿಯೂ ಇದನ್ನು ಕೇಳಲು ನಾಚಬಾರದು, ಕರೆತಂದ ಅವ್ವನೂ ಸುಮ್ಮನಿರಬಾರದು. ಬಸಿರಿನಲ್ಲಿ ತೂಕವೂ ಏರುತ್ತದೆ, ಎದೆಯೂ ಬೆಳೆಯುತ್ತದೆ, ಬಾಣಂತನ ಮುಗಿದ ಮೇಲೆ ಎರಡೂ ಇಳಿಯುತ್ತವೆ. ಒಂದೆರಡು ವರ್ಷದೊಳಗೆ ಮಗು ಬೇಕು ಅಂತಿದ್ದವರು ಹೆರಿಗೆ ಮುಗಿಸಿ, ಮಗುವಿಗೆ ಹಾಲು ಬಿಡಿಸಿ ಆರು ತಿಂಗಳು ಕಳೆದ ಮೇಲೆ ತೂಕದ ಚೀಟಿ ಹಿಡಿದು ಬನ್ನಿ.